ಗೋಡೆಯಾಚೆಯ ಬಾಟಲಿಗಳು

ಗೋವಾದ ಹಳೆಯ ಮನೆಗಳಲ್ಲಿ ಒಳಗೋಡೆಗಳು ಹೆಂಚಿನವರೆಗೆ ಹೋಗುವುದಿಲ್ಲ. ಆಳೆತ್ತರಕ್ಕಿಂತ ತುಸು ಮೇಲೇರಿ ನಿಂತುಬಿಡುತ್ತವೆ. ಅದರ ಮೇಲಿನದು ಗಾಳಿಯಾಡಲು ಬಿಟ್ಟ ಜಾಗ. ಮಡಗಾಂವದ ಬಾಡಿಗೆ ಕೋಣೆಗೆ ಬಂದ ಮೊದಲ ಸಂಜೆ, ಮಗಳನ್ನು ತಟ್ಟಿ ಮಲಗಿಸುತ್ತಿದ್ದಾಗ, ಗೋಡೆಯಾಚೆಯಿಂದ ‘ಬುಳುಕ್’ ಎಂದಿತು. ಸ್ವಲ್ಪ ತಡೆದು ಮತ್ತೆ ‘ಬುಳುಕ್’. ನೀರಲ್ಲಿ ಮುಳುಗಿದವರು ಕೊನೆಯ ಉಸಿರು ಬಿಟ್ಟಂಥ ಸದ್ದು. ಗಂಡ ಬಸವರಾಜ ವೆರ್ಣಾದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗಿದ್ದ. ನಾನು ಮಗಳನ್ನು ಬಗಲಿಗೆ ಹಾಕಿಕೊಂಡು ಅಂಗಳಕ್ಕೆ ಓಡಿದೆ.

ಮನೆಯೊಡತಿ ಫಿಲೊಮೆನಾ ಬಾಯಿ ನನ್ನ ಮುಖ ನೋಡಿ ನಕ್ಕು, ಕೈಹಿಡಿದು ಆಚೆ ಕೋಣೆಗೆ ಕರೆದೊಯ್ದರು. ನೀರಿನ ಟಬ್ಬಿನೊಳಗೆ ದೊಡ್ಡದೊಂದು ಡ್ರಮ್ಮು ಕೂತಿತ್ತು, ಅದರ ಮುಚ್ಚಳಕ್ಕೆ ಸಿಕ್ಕಿಸಿದ ಕೊಳವೆಯಲ್ಲಿ ಗುಳ್ಳೆ ಏಳುತ್ತಿದ್ದವು. “ಬಿಯರ್. ಮಾರೋಕ್ ಅಲ್ಲ, ಮನೀಗೆ,” ಎಂದರು. ಹಡಗಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು ಬಂದ ಹೆಂಗಸು. ಕನ್ನಡ ಕಲಿತದ್ದು ನಮ್ಮಂಥ ಬಾಡಿಗೆದಾರರಿಂದ. ತಾಳಿಕೋಟಿಯ ನಮ್ಮ ಮನೆಯಲ್ಲಿ ಆ ವಸ್ತುವಿನ ಹೆಸರೆತ್ತಿದರೂ ಅವ್ವ ಬಾಯಿ ತೊಳೆದುಕೊಂಡು ಬಾ ಅನ್ನುತ್ತಿದ್ದಳು. ನಾನು ಮಾತ್ರ ಅದರ ಪಕ್ಕದಲ್ಲೇ ಹಾಸಿಗೆ ಹಾಸಿದೆ.

ಬೇರೆ ದಾರಿ ಇರಲಿಲ್ಲ. ಅಲ್ಲಿಯವರೆಗೆ ಮೋತಿ ಡೊಂಗರ್‌ನ ಗುಡ್ಡದಲ್ಲಿ ಬಸವರಾಜನ ಅಕ್ಕನ ಒಂದೇ ಕೋಣೆಯಲ್ಲಿ ಎಲ್ಲರೂ ಒತ್ತಿಕೊಂಡು ಮಲಗುತ್ತಿದ್ದೆವು. ಬಾಡಿಗೆ ಕೇಳಲು ಹೋದ ಕಡೆಯೆಲ್ಲ ನಮ್ಮ ಹಿಂದಿ ಕೇಳಿದ ಕೂಡಲೇ ಕದ ಮುಚ್ಚುತ್ತಿತ್ತು. ಬೆನ್ನ ಹಿಂದೆ ‘ಘಾಂಟಿ’ ಎಂಬ ಮಾತು ಕೇಳುತ್ತಿತ್ತು. ಘಟ್ಟದ ಮೇಲಿನಿಂದ ಬಂದವರಿಗೆ ಇಲ್ಲಿ ಹಾಗೆನ್ನುತ್ತಾರೆ. ಊರಲ್ಲಿ ನಾನು ಕಾಳಿನಂಗಡಿಯವರ ಮಗಳು, ಇಲ್ಲಿ ಬರೀ ಘಾಂಟಿ. ಫಿಲೊಮೆನಾ ಬಾಯಿಯೊಬ್ಬರೇ ಊರು ಕೇಳದೆ, “ಭುರ್ಗೆಂ ಆಸಾ?” ಅಂದರು. ಮಗು ಇದೆಯಾ ಎಂದರ್ಥ. ಈ ಕೋಣೆ ಕೈತಪ್ಪೀತೆಂಬ ಹೆದರಿಕೆ ಅಂದಿನಿಂದಲೇ ಹತ್ತಿಕೊಂಡಿತು.

ಅವರ ಮನಸ್ಸು ಗೆಲ್ಲಲೆಂದೇ ಬಿಯರಿನ ಕೆಲಸಕ್ಕೆ ಕೈಹಾಕಿದೆ. ಇದರಲ್ಲಿರುವ ಮಡಿ ನನ್ನ ಅತ್ತೆಯ ಮಡಿಯನ್ನೂ ಮೀರಿಸಿತು. ಬಾರ್ಲಿಯ ರಸ ಕುದಿಸಿ ಆರಿಸಿದ ಮೇಲೆ ಬರಿಗೈ ತಾಗಬಾರದು. ಬಾಟಲಿಯಲ್ಲಿ ಸಾಬೂನಿನ ಜಿಡ್ಡು ಉಳಿದರೆ ನೊರೆ ನಿಲ್ಲದು. ಮೇಲೆ ಬಿಳಿ ಪೊರೆ ಕಟ್ಟಿ ಮೂಗಿಗೆ ಹುಳಿ ಹೊಡೆಯಿತೆಂದರೆ ಇಡೀ ಡ್ರಮ್ಮು ಚರಂಡಿಗೆ. ಊರಲ್ಲಿ ಚಳಿ ಬಿದ್ದಾಗ ದೋಸೆ ಹಿಟ್ಟಿಗೆ ಕಂಬಳಿ ಹೊದಿಸುತ್ತಿದ್ದೆವು. ಇಲ್ಲಿ ಅದಕ್ಕೆ ಉಲ್ಟಾ: ಡ್ರಮ್ಮಿಗೆ ಒದ್ದೆ ಬಟ್ಟೆ ಸುತ್ತಿ, ಟಬ್ಬಿನ ನೀರು ಬದಲಿಸುತ್ತ ತಂಪಾಗಿಡಬೇಕು, ಕಾವು ಏರಿದರೆ ಕುಡಿದವರ ತಲೆ ಸಿಡಿಯುತ್ತದಂತೆ. ಗುಳ್ಳೆ ನಿಂತ ಮಾತ್ರಕ್ಕೆ ಬಾಟಲಿಗೆ ಇಳಿಸುವಂತಿಲ್ಲ. ಗಾಜಿನ ತೇಲುಕಡ್ಡಿ ಬಿಟ್ಟು ನೋಡಬೇಕು. ಮರುದಿನ, ಅದರ ಮರುದಿನವೂ ಕಡ್ಡಿ ಅದೇ ಗೆರೆಗೆ ನಿಂತರೆ ಒಳಗಿನ ಸಿಹಿ ತೀರಿತೆಂದು ಲೆಕ್ಕ. ಆಮೇಲೆ ಬಾಟಲಿಗೊಂದು ಸಣ್ಣ ಚಮಚ ಸಕ್ಕರೆ ಹಾಕಿ ತಗಡಿನ ಬಿರಡೆ ಒತ್ತಬೇಕು, ಆ ಸಕ್ಕರೆಯೇ ಒಳಗೆ ಗ್ಯಾಸಾಗುತ್ತದೆ.

ಒಂದು ಸಲ ಫಿಲೊಮೆನಾ ಬಾಯಿಯ ಮಣಿಕಟ್ಟು ಉಳುಕಿತ್ತು. ಅವರ ತಂಗಿಯ ಮಗಳ ಮದುವೆಗೆಂದು ಮಾಡಿದ ಬಿಯರು. ಸಕ್ಕರೆ ಹಾಕುವ ಕೆಲಸ ನನಗೆ ಬಿತ್ತು. ಅವರು ಹಿಂದಿನಿಂದ ಇನ್ನೊಂದು ಕೈಯಲ್ಲಿ ಬಿರಡೆ ಒತ್ತುತ್ತ ಬಂದರು. ನಾವು ಬಾಟಲಿಗಳನ್ನು ಕ್ರೇಟಿನಲ್ಲಿ ಜೋಡಿಸಿ ನನ್ನ ಗೋಡೆಗೆ ಒತ್ತಿ ಇಟ್ಟೆವು.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಮಗಳು ಮಲಗಿದ್ದಳು. ಎಚ್ಚರಾಗಿ ನೀರು ಬೇಡುತ್ತ ಅಂಗಳಕ್ಕೆ ನನ್ನ ಬಳಿ ಬಂದಳು. ಅವಳ ಕೈಗೆ ಲೋಟ ಕೊಡುತ್ತಿದ್ದಂತೆ ಒಳಗೆ ಢಂ ಎಂದಿತು. ಹೋಗಿ ನೋಡಿದರೆ ಗೋಡೆಯ ಮೇಲಿನಿಂದ ಹಾರಿಬಂದ ಬಾಟಲಿಯ ಗಾಜು ಹಾಸಿಗೆ ತುಂಬ ಬಿದ್ದಿತ್ತು. ಒಂದು ಚೂರು ಅವಳ ದಿಂಬಿನಲ್ಲಿ ನೆಟ್ಟಗೆ ನಿಂತಿತ್ತು.

“ಭುರ್ಗೆಂ ಖಂಯ್?” ಮಗು ಎಲ್ಲಿ ಎಂದು ಕೂಗುತ್ತ ಬಾಯಿ ಓಡಿಬಂದರು. ಮಗುವನ್ನು ನೋಡಿದ ಮೇಲೆಯೇ ಅವರು ಉಸಿರು ಬಿಟ್ಟದ್ದು. ಆಮೇಲೆ ಕೇಳಿದರು, “ಸಕ್ಕರೆ ಎಷ್ಟ್ ಹಾಕಿದಿ?”

“ನೀವು ಹೇಳಿದಷ್ಟ ರೀ. ಒಂದ್ ಚಮಚ.”

“ಹಾಕಿ ತೋರ್ಸು.”

ಚಮಚ ತುಂಬಿ ತೋರಿಸಿದೆ. ಎಡ ಅಂಗೈಗೆ ಸುರಿದು, ನನಗೆ ಅರಿವಿಲ್ಲದೆಯೇ ಎರಡು ಬೆರಳಲ್ಲಿ ಮತ್ತಷ್ಟು ಸಕ್ಕರೆ ಎತ್ತಿ ಮೇಲೆ ಉದುರಿಸಿದೆ.

“ಅದೇನು?”

“ಕೊಸರು ರೀ,” ಅಂದೆ. ಅಪ್ಪನ ಅಂಗಡಿಯಲ್ಲಿ ಜೋಳ ಅಳೆದು ಬೆಳೆದ ಕೈ ನನ್ನದು. ಸೇರು ತುಂಬಿದ ಮೇಲೆ ಒಂದು ಹಿಡಿ ಮೇಲೆ ಹಾಕದಿದ್ದರೆ ಗಿರಾಕಿ ಚೀಲದ ಬಾಯಿ ಕಟ್ಟುವುದಿಲ್ಲ, ನಮ್ಮ ಮನಸ್ಸೂ ಒಪ್ಪುವುದಿಲ್ಲ. “ಅಳದಷ್ಟ ಕೊಟ್ರ ಜುಗ್ಗರು ಅಂತಾರ್ರಿ ನಮ್ಮ ಕಡೆ.”

ಬಾಯಿ ಕ್ರೇಟುಗಳಿದ್ದ ಗೋಡೆಯತ್ತ ತಿರುಗಿದರು. “ಹೆಚ್ಚು ಸಕ್ಕರೆ, ಹೆಚ್ಚು ಗ್ಯಾಸ್. ಎಲ್ಲಾ ಬಾಟಲಿಗೂ ಹಾಕಿದಿ?”

“ಹೌದ್ರಿ. ಎಲ್ಲಾದಕ್ಕೂ.”

ಮಗಳನ್ನು ಬಸವರಾಜನ ಅಕ್ಕನ ಬಳಿ ಬಿಟ್ಟುಬಂದೆವು. “ಆ ಮನಿ ಬಿಡ್ರಿ,” ಎಂದಳು ಅಕ್ಕ, “ಇಲ್ಲಾ ಊರಿಗಿ ಹೋಗ್ರಿ. ಮಗಳಿಗಿಂತ ಗೋವಾ ಹೆಚ್ಚಾತೇನು?” ಆ ಬಾಟಲಿಗಳಿರುವವರೆಗೆ ಮಗಳು ಗುಡ್ಡದಿಂದ ಕೆಳಗಿಳಿಯುವಂತಿರಲಿಲ್ಲ, ಇನ್ನೊಂದು ಕೋಣೆ ನಮಗೆ ಯಾರೂ ಕೊಡುವಂತಿರಲಿಲ್ಲ.

ಮುಟ್ಟಿದರೂ ಸಿಡಿಯಬಹುದು, ಮೊದಲು ತಣ್ಣಗಾಗಬೇಕು ಎಂದರು ಬಾಯಿ. ಬಸವರಾಜ ಮೀನು ಮಾರುಕಟ್ಟೆಯಿಂದ ಮಂಜುಗಡ್ಡೆ ಹೊತ್ತು ತಂದ. ಹೆಲ್ಮೆಟ್ ಹಾಕಿಕೊಂಡು, ಕದದ ಮರೆಯಲ್ಲಿ ನಿಂತು, ಕ್ರೇಟುಗಳ ಮೇಲೆ ಒದ್ದೆ ಗೋಣಿ ಎಸೆದು ಮಂಜು ಸುರಿದ. ಮರುದಿನವೂ ಹಾಗೆಯೇ ಮಾಡಿದ. ತಂಪಿಗೆ ಗ್ಯಾಸು ಬಿಯರಿನೊಳಗೆ ಕರಗಿ ಒತ್ತಡ ಇಳಿಯುತ್ತದೆಂದು ಬಾಯಿ ಧೈರ್ಯ ಹೇಳಿದರು.

ಬಿರಡೆ ಸಡಿಲಿಸಲು ಬಸವರಾಜ ಮುಂದಾದ. ನಾನು ಬಿಡಲಿಲ್ಲ. “ಹಾಕಿದ ಕೈ ನಂದು. ನಾನ ತಗೀತೇನಿ.” ಅವನ ಕಾರ್ಖಾನೆಯ ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡೆ. ಅವ್ವ ಹೊಲಿದುಕೊಟ್ಟ ಕೌದಿಯನ್ನು ಬಾಟಲಿಯ ಮೇಲೆ ಹೊದಿಸಿ, ಒಳಗೆ ಕೈತೂರಿಸಿ, ಓಪನರಿನಿಂದ ಬಿರಡೆಯ ಅಂಚನ್ನು ಕೂದಲೆಳೆಯಷ್ಟೇ ಎತ್ತಬೇಕು. ಬುಸ್ಸೆಂದು ಗಾಳಿ ಹೋಗುವವರೆಗೆ ಕಾದು ಮತ್ತೆ ಒತ್ತಬೇಕು. ಅವಸರಪಟ್ಟರೆ ನೊರೆಯೆಲ್ಲ ಹೊರಗೆ. ಬಾಯಿ ಬಾಗಿಲಲ್ಲಿ ನಿಂತು ಜಪಮಾಲೆ ಎಣಿಸುತ್ತಿದ್ದರು. ನಾನು ಮನಸ್ಸಿನಲ್ಲೇ ಮನೆದೇವರು ಮಲ್ಲಯ್ಯನನ್ನು ಕರೆಯುತ್ತಿದ್ದೆ. ಎರಡನೇ ಕ್ರೇಟಿನಲ್ಲಿ ಒಂದು ಬಾಟಲಿ ನನ್ನ ಕೈ ಕೆಳಗೇ ಸಿಡಿಯಿತು. ಕೌದಿ ಹರಿದು ಒಳಗಿನ ಹಳೆ ಸೀರೆಯ ಪದರು ಈಚೆ ಬಂತು. ಬೆರಳು ಎಣಿಸಿಕೊಂಡೆ, ಇದ್ದವು. ಅತ್ತುಬಿಟ್ಟೆ. ಅತ್ತುಕೊಂಡೇ ಮುಂದಿನ ಬಾಟಲಿಗೆ ಕೈಹಾಕಿದೆ.

ಎಲ್ಲ ಮುಗಿದ ಮೇಲೆ ಬಾಯಿ ಮನೆ ಬಿಡಿ ಅನ್ನಲಿಲ್ಲ. ಮುಂದಿನ ಸಲ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಡ್ರಮ್ಮಿಗೇ ಬೆರೆಸೋಣ, ಎಲ್ಲ ಬಾಟಲಿಗೂ ಒಂದೇ ಸಮ ಬೀಳುತ್ತದೆ ಎಂದರು. “ನೀನೇ ತೂಗು. ಆದರೆ ಕೊಸರು ನಂಗೆ ಬೇಡ.” ಆಮೇಲೆ ಗುಡ್ಡದ ಕಡೆ ಕೈತೋರಿ, “ಹೋಗು, ಭುರ್ಗೆಂ ಕರ್ಕೊಂಡ್ ಬಾ,” ಎಂದರು.

ಗುಡ್ಡ ಹತ್ತಿದೆ. ಮಗಳು ಓಡಿಬಂದು ಕುತ್ತಿಗೆಗೆ ಜೋತುಬಿದ್ದಳು.

“ಮನಿಗಿ ಹೋಗೂಣು ನಡಿ,” ಅಂದೆ.

“ಯಾವ ಮನಿಗಿ? ಅಮ್ಮನ ಮನಿಗೋ, ಸಿಡಿಯೂ ಮನಿಗೋ?”

ಅಮ್ಮನೆಂದರೆ ತಾಳಿಕೋಟಿಯ ನನ್ನವ್ವ. ಅಲ್ಲಿ ಗೋಡೆಗಳು ಮಾಳಿಗೆಯವರೆಗೂ ಇವೆ. ಅಲ್ಲಿಗೆ ಅಂದಿದ್ದರೆ ಮಗಳು ಕುಣಿಯುತ್ತಿದ್ದಳು, ನನ್ನ ಎದೆಯೂ ಹಗುರಾಗುತ್ತಿತ್ತು.

“ಸಿಡಿಯೂ ಮನಿಗಿ,” ಅಂದೆ.

 ಅವಳು ಮುಖವನ್ನು ನನ್ನ ಹೆಗಲಲ್ಲಿ ಹುದುಗಿಸಿ, ಎರಡೂ ಕೈಯಿಂದ ತನ್ನ ಕಿವಿ ಮುಚ್ಚಿಕೊಂಡಳು. ಹಾಗೆಯೇ ಎತ್ತಿಕೊಂಡು ಇಳಿದೆ.