ಮೂರು ಊರು ಸುತ್ತಿದ ಕಾರ್ಡು

ಅಕ್ಷರ ದುಂಡಗಿದ್ದವರಿಗೆ ಒಂದು ಸೊಕ್ಕು ಇರುತ್ತದೆ. ನನಗೂ ಇತ್ತು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ರಾಯಚೂರಿನ ಒಂದು ಅಂಚೆ ಕಚೇರಿಯ ಸಾರ್ಟಿಂಗ್ ಖೋಲಿಯಲ್ಲಿ ನಾನೊಬ್ಬಳೇ ಹೆಂಗಸು, ಸಿಟ್ಟು ಮೂಗಿನ ತುದಿಯಲ್ಲೇ. ಅಲ್ಲಿ ಮೇಜಿನ ಮೇಲೊಂದು ದಪ್ಪ ವಹಿ ಇರುತ್ತಿತ್ತು. ಯಾವ ಹಳ್ಳಿಯ ಕಾಗದ ಯಾವ ಚೀಲಕ್ಕೆ, ಮಾನ್ವಿಯದಕ್ಕೋ ದೇವದುರ್ಗದ್ದಕ್ಕೋ, ಅದನ್ನು ನೋಡಿಯೇ ಹಾಕಬೇಕು.

ನಿಜಾಮರ ಕಾಲದಲ್ಲಿ ಯಾರೋ ಉರ್ದುವಿನಲ್ಲಿ ಶುರು ಮಾಡಿದ್ದ ವಹಿ. ಆಮೇಲೆ ಬಂದವರೆಲ್ಲ ಅದರಲ್ಲಿ ಕೈಯಾಡಿಸಿದ್ದರು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಸಹಿ ಮಾತ್ರ ಯಾರದೂ ಇಲ್ಲ. ಮಳೆಗಾಲದಲ್ಲಿ ಈ ಕಡೆ ಕಳಿಸಬ್ಯಾಡ, ಹಳ್ಳ ಬರ್ತದ ಅಂತ ಒಬ್ಬ. ಈಗ ಸೇತುವೆ ಆಗ್ಯಾದ, ಕಳಿಸು ಅಂತ ಅದರ ಕೆಳಗೆ ಇನ್ನೊಬ್ಬ. ಇದರದೇ ಒಂದೊಂದು ಪ್ರತಿ ಮಾನ್ವಿಯಲ್ಲೂ ದೇವದುರ್ಗದಲ್ಲೂ ಇದ್ದು, ಅಲ್ಲಿಯವರು ತಮ್ಮ ತಿದ್ದುಪಡಿ ತಾವು ಮಾಡಿಕೊಂಡಿದ್ದರು. ಆ ಗಲೀಜು ನೋಡಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಮೂರನ್ನೂ ತರಿಸಿ ಕೊಡಿ, ಶುದ್ಧ ಮಾಡಿ ಬರೆದು ಕೊಡ್ತೀನಿ ಅಂತ ಪೋಸ್ಟ್‌ಮಾಸ್ಟರ್ ಸಾಹೇಬರ ಬೆನ್ನು ಹತ್ತಿ ಒಪ್ಪಿಸಿದೆ. ಅದೇ ತಿಂಗಳು ನಿವೃತ್ತರಾಗಿ ಊರಿಗೆ ಹೊರಟಿದ್ದ ನಮ್ಮ ಹಿರಿಯರು, ಒಂದು ಸಾಲು ತೆಗೆಯುವ ಮುಂಚೆ ಅದನ್ನು ಯಾಕೆ ಬರೆದಿದ್ದಾರೆ ಅಂತ ತಿಳಿದುಕೋ ಎಂದಷ್ಟೇ ಹೇಳಿ ಹೋದರು.

ಒಂದು ಊರಿನ ಹೆಸರಿಗೆ ಬಂದಾಗ ಪೆನ್ನು ನಿಂತಿತು. ಮಾನ್ವಿ ತಾಲೂಕು ಮುಗಿದು ದೇವದುರ್ಗ ಶುರುವಾಗುವಲ್ಲಿ ಕುರಿ ಕಾಯುವವರ ಸಣ್ಣ ಊರು ಅದು. ಅದರ ಎದುರಿಗೆ ಹೀಗಿತ್ತು: ‘ಚೀಲಕ್ಕ ಹಾಕಬ್ಯಾಡ. ಮುದುಕ ಬರ್ತಾನ, ಅವನ ಕೈಯಾಗ ಕೊಡು.’ ಮೊದಲು ಉರ್ದುವಿನಲ್ಲಿ, ಅದರ ಕೆಳಗೆ ತೆಲುಗಿನಲ್ಲಿ, ಅದರ ಕೆಳಗೆ ಎರಡು ಬೇರೆ ಬೇರೆ ಕೈಯ ಕನ್ನಡದಲ್ಲಿ. ನಾಲ್ಕೂ ಅದೇ ಮಾತು. ಉರ್ದು ಓದಿ ಹೇಳಿದ ನಮ್ಮ ಪೋಸ್ಟ್‌ಮನ್, ಇದನ್ನು ಬರೆದಾಗ ತನ್ನ ಅಪ್ಪನೇ ಹುಟ್ಟಿರಲಿಕ್ಕಿಲ್ಲ ಅಂದ. ಹಾಗಾದರೆ ಆ ಮುದುಕನಿಗೆ ಈಗ ವಯಸ್ಸೆಷ್ಟು? ಮಟಮಟ ಮಧ್ಯಾಹ್ನ, ಖೋಲಿ ತುಂಬ ಜನ, ಆದರೂ ಕುತ್ತಿಗೆಯ ಹಿಂದೆ ಯಾರೋ ಮೆಲ್ಲಗೆ ಊದಿದ ಹಾಗಾಯಿತು. ಹುಚ್ಚರು ಅಂತ ನಕ್ಕು ಆ ಸಾಲು ಬಿಟ್ಟುಬಿಟ್ಟೆ.

ಬಿಟ್ಟ ಮೇಲೆ ಆ ಊರಿಗೆ ಬೇರೆ ದಾರಿ ಬೇಕಲ್ಲ. ಒಂದೊಂದು ವಹಿಯಲ್ಲಿ ಏನು ಉಳಿದಿತ್ತೋ ಅದನ್ನೇ ದುಂಡಗೆ ಇಳಿಸಿದೆ. ನಮ್ಮದರಲ್ಲಿ ಮಾನ್ವಿಗೆ, ಮಾನ್ವಿಯದರಲ್ಲಿ ದೇವದುರ್ಗಕ್ಕೆ, ದೇವದುರ್ಗದ್ದರಲ್ಲಿ ರಾಯಚೂರಿಗೆ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಬರಲಿಲ್ಲ. ಹೊಸ ವಹಿಗಳು ಮೂರೂ ಕಚೇರಿಗೆ ಹೋದವು, ನೋಡಿ ಎಲ್ಲರೂ ಹೊಗಳಿದರು, ನಾನು ಉಬ್ಬಿಹೋದೆ.

ಮುಂದಿನ ಸೋಮವಾರ, ಅದುವರೆಗೆ ಆ ಹಿರಿಯರೇ ನೋಡಿಕೊಳ್ಳುತ್ತಿದ್ದ ಕಿಟಕಿಯೊಳಗೆ ಒಂದು ಅಂಗೈ ಬಂತು. ಹಿಂದೆ ಕರಿ ಕಂಬಳಿ ಹೊದ್ದ ಮುದುಕ. ಯಾವ ಊರು ಅಂತ ಕೇಳಿದೆ. ಅವನು ಹೇಳಿದ್ದು ನಾನು ಸಾಲು ಬಿಟ್ಟಿದ್ದ ಅದೇ ಊರಿನ ಹೆಸರು. ನಿಮ್ಮೂರಿನ ಕಾಗದ ಇನ್ನು ಮಾನ್ವಿ ಮೇಲಿಂದ ಬರ್ತಾವ, ಇಲ್ಲಿ ನಿಲ್ಲಬ್ಯಾಡ ಅಂದೆ. ಹ್ಞೂಂ ಅಂದ, ಕದಲಲಿಲ್ಲ. ಸಂಜೆ ಬಸ್ಸಿನ ಹೊತ್ತಿನ ತನಕ ಅಲ್ಲೇ ನಿಂತಿದ್ದ. ಅವನನ್ನು ಬಸ್ಸು ಹತ್ತಿಸಿ, ಕೇಳಿ ತಿಳಿದುಕೊಂಡು ಬಂದ ಪೋಸ್ಟ್‌ಮನ್ ಸಂಗತಿ ಹೇಳಿದ. ಆ ಊರಿಗೆ ಟಪಾಲು ಒಯ್ಯುವವರೇ ಇಲ್ಲ. ಅಲ್ಲಿಯ ಒಂದು ಮನೆಯಲ್ಲಿ ಯಾರು ಹಿರಿಯರೋ ಅವರು ಸೋಮವಾರ ಕಂಬಳಿ ಮಾರಲು ಬಂದು ಊರಿನ ಕಾಗದ ಒಯ್ಯುತ್ತಾರೆ, ಒಬ್ಬ ಹೋದರೆ ಇನ್ನೊಬ್ಬ.

ತಿಳಿಯಿತು. ಆದರೂ ನಾನು ವಹಿ ತಿದ್ದಲಿಲ್ಲ. ಅಷ್ಟು ಚೆಂದ ಬರೆದ ಪುಟಕ್ಕೆ ಕಾಟು ಹೊಡೆಯಲು ಮನಸ್ಸು ಬರಲಿಲ್ಲ, ಅಷ್ಟೇ ಕಾರಣ. ಅವನು ಮಾತ್ರ ವಾರವಾರವೂ ಬಂದ. ಒಮ್ಮೆ ಗದರಿಸಿಯೂ ಬಿಟ್ಟೆ.

ಅಷ್ಟರಲ್ಲಿ ಒಂದು ಕಾರ್ಡು ನನ್ನ ಕೈಗೆ ಮತ್ತೆ ಮತ್ತೆ ಬರತೊಡಗಿತ್ತು. ನಾವು ಬೇರೆಯವರ ಕಾರ್ಡು ಓದುವುದಿಲ್ಲ, ವಿಳಾಸ ನೋಡಿ ಚೀಲಕ್ಕೆ ಎಸೆಯುತ್ತೇವೆ. ಎರಡನೇ ಸಲ ಇದನ್ನು ಎಲ್ಲೋ ನೋಡಿದ್ದೀನಲ್ಲ ಅನಿಸಿತು. ಮೂರನೇ ಸಲ ಬಂದಾಗ ಠಸ್ಸೆಯ ಮೇಲೆ ಠಸ್ಸೆ ಬಿದ್ದು ಕಾರ್ಡು ಕಪ್ಪಾಗಿತ್ತು. ನಮ್ಮದು, ಮಾನ್ವಿಯದು, ದೇವದುರ್ಗದ್ದು, ಮತ್ತೆ ನಮ್ಮದು, ಹೀಗೆ ಎರಡು ಸುತ್ತು. ಮುಟ್ಟಲು ಅಂಜಿಕೆಯಾಯಿತು. ಎಷ್ಟು ಸಲ ಹೊರಗೆ ಹಾಕಿದರೂ ಮನೆಗೆ ಬರುವ ಬೆಕ್ಕಿನಂತೆ ಅದು ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ಈ ಸಲ ಊರಿನ ಹೆಸರು ಗಮನವಿಟ್ಟು ಓದಿದೆ. ತಲೆಯೆತ್ತಿದೆ. ಅವತ್ತು ಸೋಮವಾರ, ಅಂಗೈ ಕಿಟಕಿಯೊಳಗೇ ಇತ್ತು.

ಹೆಸರು ಕೇಳಿದೆ. ವಿಳಾಸದಲ್ಲಿದ್ದುದು ಅವನದೇ ಹೆಸರು. ಓದು ಬರುವುದಿಲ್ಲ, ನೀವೇ ಹೇಳ್ರಿ ಅಂದ. ಯಾರ ಕೈಲೋ ಬರೆಸಿದ ಮಗಳ ಕಾರ್ಡು. ಗಟ್ಟಿಯಾಗಿ ಓದಿದೆ.

‘ಯಪ್ಪಾ, ನನ್ನ ರಾಯಚೂರಿನ ದವಾಖಾನಿಗೆ ಹಾಕ್ಯಾರ. ಸೋಮವಾರ ಪೋಸ್ಟಿಗೆ ಬರ್ತೀಯಲ್ಲ, ಹಂಗೇ ಇಲ್ಲಿಗೆ ಬಾ. ಪೋಸ್ಟಿಗೆ ಸನೇಕ ಅದ.’

ಮೊದಲ ಠಸ್ಸೆ ನಮ್ಮದೇ, ಮೂರು ವಾರದ ಹಿಂದಿನದು. ದವಾಖಾನೆ ನಮ್ಮ ಕಚೇರಿಯಿಂದ ನಡೆದುಹೋಗುವಷ್ಟು ದೂರ. ಮೇಜು ಹಾಗೇ ಬಿಟ್ಟು ಅವನೊಂದಿಗೆ ಹೊರಟೆ. ಉರಿಬಿಸಿಲಿನಲ್ಲಿ ಅವನು ಎಷ್ಟು ಜೋರು ನಡೆದನೆಂದರೆ ನಾನು ಓಡಬೇಕಾಯಿತು. ದೇವರೇ, ಅವಳು ಇರಲಿ, ಇದೊಂದು ಆಗಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ.

ನರ್ಸಮ್ಮನಿಗೆ ಹೆಸರು ಹೇಳಿದೆವು. ಗುರುವಾರ ಹೋದಳಂತೆ. ಗಂಡನ ಮನೆಯವರು ಹೊಳೆಯಾಚೆಯ ತಮ್ಮ ಊರಿಗೆ ಒಯ್ದು ಮಣ್ಣು ಮಾಡಿದ್ದರು, ಸುದ್ದಿ ಇನ್ನೂ ತವರಿಗೆ ಮುಟ್ಟಿರಲಿಲ್ಲ. ಸೋಮವಾರ ಬಂತೆಂದರೆ ಬಾಗಿಲು ಕಾಣುವ ಹಾಗೆ ಮಂಚ ತಿರುಗಿಸಿರಿ ಅನ್ನುತ್ತಿದ್ದಳಂತೆ.

ಯಾವ ಮಂಚ ಅಂತ ಕೇಳಿದ. ತೋರಿಸಿದರು. ಅದರ ಮೇಲೆ ಬೇರೆ ಯಾರೋ ಹೆಂಗಸು ಮಲಗಿದ್ದರು. ಅವನು ಹತ್ತಿರ ಹೋಗಲಿಲ್ಲ, ಬಾಗಿಲಲ್ಲೇ ಕುಳಿತು ಬಹಳ ಹೊತ್ತು ಆ ಕಡೆ ನೋಡಿದ. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅದನ್ನು ನೋಡಿ ಅವನೇ ನನಗೆ ಸಮಾಧಾನ ಹೇಳಿದ.

‘ಕಾಗದ ಎಲ್ಲಿ ಸಿಕ್ಕೊಂಡಿತ್ತೋ ಏನೋ. ನೀ ಹುಡುಕಿ ಕೊಟ್ಟಿ, ಯವ್ವಾ. ನಿನಗ ಪುಣ್ಯ ಬರಲಿ.’

ಸಿಕ್ಕಿಸಿದವಳು ನಾನೇ ಎಂದು ಹೇಳಲು ಬಾಯಿ ತೆರೆದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ನಾನು ಬಾಯಿ ಮುಚ್ಚಿಕೊಂಡು ತಲೆ ಬಗ್ಗಿಸಿದೆ.