ಹೊಟ್ಟೆ ಸೀಳದ ಮೀನು

ಭಾನುವಾರ ಬೆಳಿಗ್ಗೆ ನಮ್ಮ ಗಲ್ಲಿಗೆ ಮೀನಿನವಳು ಬರುತ್ತಾಳೆ. ನಮ್ಮ ಕಿಟಕಿಯ ಕೆಳಗೇ ಈಳಿಗೆ ಹಾಕಿಕೊಂಡು ಕೂತು ಗಿರಾಕಿಗಳನ್ನು ಕೇಳುತ್ತಾಳೆ: "ಹೊಟ್ಟಿ ಸೀಳ್ಲೇನ್ರಿ?" ಆ ಮಾತು ಕಿವಿಗೆ ಬಿದ್ದೊಡನೆ ನಾನು ಎದ್ದು ಕಿಟಕಿ ಮುಚ್ಚುತ್ತೇನೆ. ವಾಸನೆ ತಾಳಲಾರದೆ ಮುಚ್ಚುತ್ತಾರೆ ಎಂದು ಮನೆಯವರ ನಂಬಿಕೆ. ನಾವು ಮೀನು ತಿನ್ನದ ಜನ. ಹಾಗಾಗಿ ಅವರ ಊಹೆಯನ್ನು ತಿದ್ದುವ ಗೋಜಿಗೆ ನಾನು ಹೋಗಿಲ್ಲ.

ನಿಮಗೆ ನಗು ಬರಬಹುದು, ಈ ಮೀನು ತಿನ್ನದವನು ವರ್ಷಗಟ್ಟಲೆ ಹೊಟ್ಟೆ ಹೊರೆದದ್ದು ಮೀನಿನಿಂದಲೇ. ತೊಂಬತ್ತರ ದಶಕದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮೀನುಗಾರಿಕೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಯಾವ ಕೆರೆಗೆ ಮೀನಮರಿ ಬಿಟ್ಟರು, ಹೊಳೆಯ ಯಾವ ಭಾಗದಲ್ಲಿ ಯಾರು ಬಲೆ ಹಾಕುತ್ತಾರೆ, ಏನು ಸಿಕ್ಕಿತು, ಇಷ್ಟೇ. ಗುರುತಿನ ಕಾರ್ಡಿನ ಮೇಲೆ ಮಾತ್ರ ದೊಡ್ಡದಾಗಿ ಸಲಹೆಗಾರ ಎಂದಿತ್ತು. ಬೇಸಿಗೆಯಲ್ಲಿ ಆಳಂದದ ಕಡೆ ಕೆರೆ ಹುಡುಕಿಕೊಂಡು ಹೋದರೆ ಅದರೊಳಗೆ ಕ್ರಿಕೆಟ್ ನಡೆದಿರುತ್ತಿತ್ತು. "ಮೀನಕ್ಕ ಕಂಪ್ಯೂಟರ್ ಕಲಿಸಾಕ ಹೊಂಟೀರೇನ್ರಿ?" ಎಂದು ನರೋಣಾ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ್ದ. ರೋಹು ಯಾವುದು, ಕಾಟ್ಲಾ ಯಾವುದು ಎಂದು ತಿಳಿಯದೆಯೇ ಎರಡಕ್ಕೂ ಬೇರೆ ಬೇರೆ ಕೋಡ್ ಕೊಟ್ಟ ಪುಣ್ಯಾತ್ಮ ನಾನು.

ಭೀಮಾ ಹೊಳೆಯದು ಬೇರೆ ಮಾತು. ಅಫಜಲಪುರ ತಾಲ್ಲೂಕಿನಲ್ಲಿ ಅದರ ದಂಡೆಗೆ ಅಂಬಿಗರ ಒಂದು ಓಣಿ. ಹೊಳೆ ಏರಿದ ದಿನ ಆ ಓಣಿಯ ಮಲ್ಲಪ್ಪನ ತೆಪ್ಪ ಮಗುಚಿತು. ತೆಪ್ಪ ಸಿಕ್ಕಿತು, ಮಲ್ಲಪ್ಪ ಸಿಗಲಿಲ್ಲ. ಹೊಳೆಪಾಲಾದವನ ಹೆಣ ಸಿಗುವವರೆಗೆ ಆ ನೀರಿಗೆ ಬಲೆ ಹಾಕಬಾರದೆಂಬುದು ಆ ಓಣಿಯ ಕಟ್ಟು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀರಿನಲ್ಲಿ ಮೀನೂ ಇವೆ, ಮಲ್ಲಪ್ಪನೂ ಇದ್ದಾನೆ, ನೀವೇ ಯೋಚಿಸಿ.

ನಾನಿದ್ದ ಕಚೇರಿಯ ಕಟ್ಟು ಬೇರೆ. ಸಾಲಾಗಿ ಕೆಲವು ತಿಂಗಳು ಹಿಡಿದ ಮೀನಿನ ತೂಕ ಬರೆಸದಿದ್ದರೆ ಆ ನೀರಿನ ಹಕ್ಕು ಓಣಿಯವರ ಕೈತಪ್ಪಿ ಹೊರಗಿನ ಗುತ್ತಿಗೆದಾರನಿಗೆ ಹೋಗುತ್ತಿತ್ತು. ಹೊಲಮನೆ ಇಲ್ಲದ ಆ ಜನಕ್ಕೆ ನೀರೇ ಎಲ್ಲ. ಗಡುವು ಹತ್ತಿರ ಬಂದಾಗ ಮಲ್ಲಪ್ಪನ ಅಣ್ಣನೂ ಓಣಿಯ ಹಿರಿಯರೂ ಆದ ಸಾಯಬಣ್ಣ ನನ್ನ ಮೇಜಿನ ಮುಂದೆ ಬಂದು ನಿಂತರು. ಬಾಯಿಗೆ ಬಂದ ಒಂದು ತೂಕ ಹೇಳಿ, ಹಾಕಿಬಿಡುತ್ತೇನೆ ಎಂದೆ.

"ಹಿಡೀಲಾರದ ಮೀನ ಹ್ಯಾಂಗ ಬರಸ್ಲಿರೀ ಸಾಹೇಬ್ರ? ನಮ್ಮ ತಮ್ಮ ಇನ್ನಾ ಆ ನೀರಾಗ ಅದಾನ. ಅವನ ಮ್ಯಾಲ ಸುಳ್ಳ ಹೇಳಿ ಉಣ್ಣೂದೇನ್ರಿ?"

ನನಗೆ ಸಿಟ್ಟು ಬಂತು. ಇವರ ಹಟಕ್ಕೆ ಓಣಿಯೇ ಹಾಳಾಗುತ್ತದಲ್ಲ ಎನಿಸಿತು.

ಮರುದಿನ ಮಲ್ಲಪ್ಪನ ಹೆಂಡತಿ ಶಾಂತವ್ವ ಬಂದಳು. ಸೀರೆ ಸೊಂಟದವರೆಗೂ ಒದ್ದೆ. ಬುಟ್ಟಿಯಲ್ಲಿ ಒಂದು ದೊಡ್ಡ ಮೀನು. ಹಿಂದೆ ಸಾಯಬಣ್ಣ, ಓಣಿಯ ಜನ; ಯಾರೂ ತಲೆ ಎತ್ತುತ್ತಿಲ್ಲ. ಆ ಕಟ್ಟನ್ನು ಮುರಿಯುವ ಅಧಿಕಾರ ಸತ್ತವನ ಹೆಂಡತಿಗೆ ಮಾತ್ರ ಇತ್ತಂತೆ. ಅವಳು ತಾನೇ ನೀರಿಗಿಳಿದು ಬಲೆ ಬೀಸಿದ್ದಳು.

"ತೂಗ್ರಿ ಯಣ್ಣಾ, ಬರಕೋರ್ರಿ. ಓಣ್ಯಾಗ ಒಲಿ ಹತ್ತವಲ್ವು," ಎಂದಳು. ಆಮೇಲೆ ಬುಟ್ಟಿಯ ಮೇಲೆ ಕೈಯಿಟ್ಟು, "ಆದ್ರ ಇದರ ಹೊಟ್ಟಿ ಮಾತ್ರ ಸೀಳಬ್ಯಾಡ್ರಿ."

ತೂಗಿದೆವು. ರೋಹು ಎಂದು ಹಾಕಿದೆನೋ ಕಾಟ್ಲಾ ಎಂದೋ ನೆನಪಿಲ್ಲ. ಹಕ್ಕು ಉಳಿಯಿತು. ಸಂಜೆ ಆ ಮೀನನ್ನು ಮಲ್ಲಪ್ಪನ ಧೋತರದಲ್ಲಿ ಸುತ್ತಿ, ಅವನ ಹೆಸರು ಹಿಡಿದು ಅತ್ತು, ಹೊಳೆಯ ದಂಡೆಯಲ್ಲಿ ಹೂಳಿದರು. ನಾನೂ ಹಿಡಿ ಮಣ್ಣು ಹಾಕಿದೆ.

"ಹೊಟ್ಟಿ ಸೀಳ್ಲೇನ್ರಿ?" ಇವತ್ತೂ ಭಾನುವಾರ, ಕೆಳಗೆ ಮತ್ತೆ ಅದೇ ಮಾತು. ನಿಮ್ಮ ಮುಂದೆ ಇಷ್ಟೆಲ್ಲ ಹೇಳಿದ ಮೇಲೆ ಕಿಟಕಿ ಮುಚ್ಚಲು ಮನಸ್ಸಾಗಲಿಲ್ಲ. ಸರಳು ಹಿಡಿದು ನಿಂತು ನೋಡಿದೆ. ಕರುಳು ಬಂತು, ಹಸಿರು ಪಿತ್ತ ಬಂತು, ಒಂದಿಷ್ಟು ಪಾಚಿ ಬಂತು.

"ಬ್ಯಾರೆ ಏನೂ ಇಲ್ಲ, ಶಾಂತವ್ವ," ಎಂದೆ.

ಜೋರಾಗಿಯೇ ಅಂದಿರಬೇಕು, ಮೀನಿನವಳು ತಲೆ ಎತ್ತಿ ನೋಡಿದಳು.