ಪುಲೊ ಸಿಳ್ಳೆ ಹಾಕದ ಬೆಳಗು

ಸೆಬು ದ್ವೀಪದ ಬೆಟ್ಟದೂರಿನ ಪುಲೊ ನಲವತ್ತೆಂಟು ವರ್ಷ ತೆಂಗಿನ ಮರದಿಂದ ಕಳ್ಳು ಇಳಿಸಿದವನು. ಬೆಳಕು ಹರಿಯುವ ಹೊತ್ತಿಗೆ ಮರ ಹತ್ತಿ, ತುದಿ ತಲುಪಿದ ಮೇಲೆ ಒಂದು ಸಿಳ್ಳೆ ಹಾಕುತ್ತಿದ್ದ. ಕೆಳಗೆ ಹೆಂಡತಿ ಡೊರಿಂಗ್ ಅದನ್ನು ಕೇಳಿ, ಗಂಡ ಬಿದ್ದಿಲ್ಲವೆಂದು ತಿಳಿದು, ಮೆಕ್ಕೆಜೋಳದ ನುಚ್ಚು ಬೇಯಲು ಇಡುತ್ತಿದ್ದಳು. ಬೇರೆಯವರು ಮರದ ಮೇಲಿಂದ ಕೂಗುತ್ತಿದ್ದರು. ಪುಲೊನಿಗೆ ಅಪ್ಪ ಕಲಿಸಿದ್ದು ಸಿಲೊಯ್ ಹಕ್ಕಿಯ ಹಾಡು.

ಆಗೆಲ್ಲ ಮನೆಯ ಹಿಂದಿನ ಕೊರಕಲಿನಲ್ಲಿ ಹುಂಜ ಕೂಗುವ ಮೊದಲೇ ನಾಲ್ಕೈದು ಸಿಲೊಯ್‌ಗಳು ಹಾಡುತ್ತಿದ್ದವು. ಅಂಗೈಯಲ್ಲಿ ಹಿಡಿಸುವ ಕಪ್ಪು ಹಕ್ಕಿ, ನಿಮಿರಿದ ಬಾಲ. ಈ ದ್ವೀಪ ಬಿಟ್ಟರೆ ಬೇರೆಲ್ಲೂ ಇಲ್ಲ. ಹುಡುಗ ಪುಲೊ ಸಿಳ್ಳೆ ಹಾಕಿದರೆ ಯಾವುದು ಮಗ, ಯಾವುದು ಹಕ್ಕಿ ಎಂದು ಅವನ ಅಮ್ಮನಿಗೇ ತಿಳಿಯುತ್ತಿರಲಿಲ್ಲವಂತೆ. ಆಮೇಲೆ ಕಾಡು ಕಡಿದು ಮೆಕ್ಕೆಜೋಳದ ಹೊಲ ಮಾಡಿದರು; ಹಕ್ಕಿಗಳು ಕಾಣೆಯಾಗುತ್ತ ಬಂದವು.

ಪುಲೊನಿಗೆ ಅರವತ್ತಾರು ತುಂಬಿದ ವರ್ಷ, ಕಾಡು ಕಾಯುವ ಗುಂಪಿನ ಜೊವಿ ಎಂಬ ಹುಡುಗಿ ಓಡಿಬಂದಳು. ಊರಿನ ಹಿರಿಯರನ್ನೆಲ್ಲ ಅವಳು ಗೌರವದಿಂದ ‘ನೋಯ್’ ಎಂದೇ ಕರೆಯುತ್ತಿದ್ದಳು.

"ನೋಯ್ ಪುಲೊ, ನಿಮ್ಮ ಕೊರಕಲಲ್ಲಿ ಮೂರು ಸಿಲೊಯ್ ಇದಾವೆ! ಆಚೆ ದಿಣ್ಣೆ ಮೇಲೆ ಕೂತು ಕೇಳಿ ಬರ್ಕೊಂಡಿದೀನಿ."

ಡೊರಿಂಗ್ ಸೌಟು ಹಿಡಿದೇ ನಕ್ಕಳು. "ಅಯ್ಯೋ ಮಗಳೇ, ಅದ್ರಲ್ಲಿ ಒಂದಕ್ಕೆ ಮಂಡಿನೋವು ಇದೆ!"

ಪುಲೊ ನಗಲಿಲ್ಲ. ಅವನು ಈಗ ಹತ್ತುತ್ತಿದ್ದದ್ದು ಕೊರಕಲಿನ ಅಂಚಿನ ಮೂರೇ ಮರ. ಒಂದೊಂದರ ತುದಿಯಲ್ಲೂ ಒಂದೊಂದು ಸಿಳ್ಳೆ. ಕೊರಕಲಿನಿಂದ ತನಗೆ ಕೇಳಿಸುತ್ತಿರುವುದು ಹಕ್ಕಿಯೋ ಹಳೆಯ ನೆನಪೋ ಎಂದು ಅವನಿಗೂ ಖಾತ್ರಿ ಇರಲಿಲ್ಲ.

"ನಾಳೆ ಮತ್ತೆ ಕೇಳು. ನಾನು ಸಿಳ್ಳೆ ಹಾಕಲ್ಲ."

"ಹಾಕ್ದೇ ಇದ್ರೆ ನೀನು ಬಿದ್ದಿಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?" ಎಂದಳು ಡೊರಿಂಗ್.

"ಬಿದ್ರೆ ಸದ್ದಾಗುತ್ತಲ್ಲ."

ಸೌಟು ಅವನ ಬೆನ್ನಿಗೆ ತಾಗಿತು.

ಮರುದಿನ ಡೊರಿಂಗ್ ಮರದಿಂದ ಮರಕ್ಕೆ ಹಿಂದೆಯೇ ಬಂದು, ಬುಡದಲ್ಲಿ ಕತ್ತೆತ್ತಿ ನಿಂತಳು. ಮೊದಲ ಮರದ ತುದಿಯಲ್ಲಿ ಪುಲೊ ತುಟಿ ಬಿಗಿಹಿಡಿದು ಕಾದ. ಕೊರಕಲು ಸುಮ್ಮನಿತ್ತು. ಎರಡನೆಯ ಮರದಲ್ಲೂ ಅಷ್ಟೇ. ಮೂರನೆಯದನ್ನು ಹತ್ತಲು ಅವನಿಗೆ ಮನಸ್ಸೇ ಬರಲಿಲ್ಲ, ಆದರೂ ಹತ್ತಿದ.

ಕಳ್ಳು ತುಂಬುವ ಬಿದಿರಿನ ಕೊಳವೆಗೆ ಕೈ ಹಾಕುವಾಗ ಹಾಡು ಕೇಳಿಸಿತು. ಏರಿತು, ನಿಂತಿತು, ಮತ್ತೆ ಏರಿತು. ಕೊನೆಯಲ್ಲಿ ಒಂದು ಪುಟ್ಟ ತಿರುವು. ಅಪ್ಪ ಹಾಕುತ್ತಿದ್ದ ತಿರುವು ಅದು. ಪುಲೊ ಎಂದೋ ಅದನ್ನು ಮರೆತು, ಅದಿಲ್ಲದೆಯೇ ಸಿಳ್ಳೆ ಹಾಕುತ್ತಿದ್ದ. ಇದು ಬರೀ ನೆನಪೇ ಆಗಿದ್ದರೆ ಆ ತಿರುವು ಕೇಳಿಸಲು ಸಾಧ್ಯವಿರಲಿಲ್ಲ. ಮರವನ್ನು ತಬ್ಬಿಕೊಂಡೇ ಅವನು ಕಣ್ಣೊರೆಸಿಕೊಂಡ.

ದಿಣ್ಣೆಯಿಂದ ಇಳಿದುಬಂದ ಜೊವಿ ತನ್ನ ಪುಸ್ತಕದಲ್ಲಿ ಮೂರು ಎಂದಿದ್ದುದನ್ನು ಹೊಡೆದುಹಾಕಿ ಒಂದು ಎಂದು ಬರೆದಳು. "ಬೇಜಾರಾಯ್ತಾ, ನೋಯ್?"

"ಒಂದಾದ್ರೂ ಇದೆಯಲ್ಲ, ಮಗಳೇ," ಎಂದ ಪುಲೊ.

ಈಗ ಮರದ ತುದಿಯಲ್ಲಿ ಅವನು ಸಿಳ್ಳೆ ಹಾಕುವುದಿಲ್ಲ; ಬಿದಿರಿನ ಕೊಳವೆಯನ್ನು ಕತ್ತಿಯ ಹಿಡಿಯಿಂದ ತಟ್ಟುತ್ತಾನೆ. ಮರಕುಟಿಗನನ್ನು ಕಟ್ಟಿಕೊಂಡ ಹಾಗಾಯಿತು ಎಂದು ಡೊರಿಂಗ್ ಗೊಣಗುತ್ತಾಳೆ.